ಲೀಲಾಧರಣ್ಣನ ಹನ್ನೊಂದನೆಯ ಕಾರು

ಸೀಮೆಎಣ್ಣೆಗೆ ಅದ್ದಿದ ಬ್ರಷ್ಷಿನಿಂದ ಲೀಲಾಧರ ಸಾಲ್ಯಾನ್ ಚಕ್ರ ಕೂರುವ ಹಬ್‌ನ ಧೂಳು ತಿಕ್ಕುತ್ತಿದ್ದಾರೆ. ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷ. ಠಾಣೆ ನಗರದ ಮಾಜಿವಾಡಾ ಫ್ಲೈಓವರ್ ಪಕ್ಕದ ತಗಡಿನ ಅಂಗಡಿಯಲ್ಲಿ ಇಪ್ಪತ್ತೈದು ವರ್ಷ ಹಳೆಯ ಎಸ್ಟೀಮ್ ಕಾರು ಚಕ್ರ ಕಳಚಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿದೆ. ಹಬ್‌ನಿಂದ ನಾಲ್ಕು ಉದ್ದನೆಯ ಸ್ಟಡ್‌ಗಳು ಹೊರಚಾಚಿವೆ. ಚಕ್ರವನ್ನು ಹಿಡಿದಿಡುವುದು ಇವೇ. ಬ್ರಷ್ ಕೆಳಗಿಟ್ಟು ಅವರು ಒಂದೊಂದರ ತುದಿಯನ್ನೂ ಹೆಬ್ಬೆರಳಿನಿಂದ ಒತ್ತುತ್ತಾರೆ. ಮೊದಲನೆಯದು ಅಲುಗುವುದಿಲ್ಲ. ಎರಡನೆಯದೂ ಇಲ್ಲ. ಮೂರನೆಯದು ಹಿಂದಕ್ಕೆ ಸರಿದು, ಟಣ್ ಎಂದು ನೆಲಕ್ಕೆ ಬೀಳುತ್ತದೆ.

ಕಾರಿನ ಮಾಲೀಕ ಸಮಿತ್ ಮೊಬೈಲಿನಿಂದ ತಲೆ ಎತ್ತುತ್ತಾನೆ. "ಅಂಕಲ್, ಯೇ ಕ್ಯಾ ಗಿರಾ?"

ಒಂದು ತಿಂಗಳಿಂದ ಲೀಲಾಧರ ಹೆದರುತ್ತಿರುವುದು ಈ ಪ್ರಶ್ನೆಗೇ.

ವಯಸ್ಸು ಐವತ್ತೊಂಬತ್ತು. ಕರಾವಳಿಯ ಹೆಜಮಾಡಿಯಿಂದ ಹದಿನೈದನೆಯ ವಯಸ್ಸಿಗೆ ಬಂದು ನೌಪಾಡಾದ ಹೋಟೆಲೊಂದರಲ್ಲಿ ಗ್ಲಾಸು ತೊಳೆದವರು. ಹೋಟೆಲಿನ ಹಿಂದೆ ಟ್ಯಾಕ್ಸಿಗಳ ಚಕ್ರ ಬಿಚ್ಚುತ್ತಿದ್ದವರನ್ನು ನೋಡುತ್ತ ನೋಡುತ್ತ ಈ ಕಸುಬಿಗೆ ಬಂದರು. ಮನೆ ದಿವಾದಲ್ಲಿ. ನಾಲ್ಕೂಕಾಲಿಗೆ ಎದ್ದು, ಐದರ ಲೋಕಲ್ಲಿನ ಬಾಗಿಲಲ್ಲಿ ನೇತಾಡಿಕೊಂಡು ಠಾಣೆಗೆ ಬರುತ್ತಾರೆ. ದಿನಕ್ಕೆ ಹೆಚ್ಚೆಂದರೆ ಮೂರು ಕಾರು. ನಾಲ್ಕನೆಯದಕ್ಕೆ ಕೈ ಹಾಕುವುದಿಲ್ಲ. "ಬೆನ್ನು ನೋಯುವಾಗ ಎಣಿಕೆ ತಪ್ಪುತ್ತದೆ ಮಾರಾಯ್ರೆ," ಎಂದು ಪೇಪರಿಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅವರ ಕೆಲಸವೆಂದರೆ ಎಣಿಕೆಯೇ. ಹಳೆಯ ಕಾರಿಗೆ ಚಂದಕ್ಕೆಂದು ದಪ್ಪನೆಯ ಅಲಾಯ್ ಚಕ್ರ ಹಾಕಿಸುತ್ತಾರೆ. ಆಗ ಕಂಪನಿಯ ಸ್ಟಡ್ ಗಿಡ್ಡವಾಗಿ, ನಟ್ ನಾಲ್ಕೈದು ಸುತ್ತಿಗೇ ನಿಂತುಬಿಡುತ್ತದೆ. ಲೀಲಾಧರ ಬಿಗಿಯುವ ಪಾನಾ ಮುಟ್ಟುವ ಮೊದಲು ಬರಿ ಬೆರಳಿನಿಂದ ನಟ್ ತಿರುಗಿಸಿ ಎಣಿಸುತ್ತಾರೆ. ಹತ್ತು ಸುತ್ತು ಬಂದರೆ ಒಳ್ಳೆಯದು. ಎಂಟಕ್ಕಿಂತ ಕಡಿಮೆ ಬಂದರೆ ಉದ್ದನೆಯ ಸ್ಟಡ್ ಹಾಕದೆ ಕಾರನ್ನು ಬಿಡುವುದಿಲ್ಲ. ಹಳೆಯದನ್ನು ಹಿಂದಕ್ಕೆ ತಳ್ಳಿ ತೆಗೆದು, ಹೊಸದನ್ನು ಒತ್ತುವ ಪ್ರೆಸ್ಸಿನಲ್ಲಿ ಇಟ್ಟು ನಿಧಾನವಾಗಿ ಕೂರಿಸುತ್ತಾರೆ. ಸುತ್ತಿಗೆಯಿಂದ ಹೊಡೆಯುವವರನ್ನು ಕಂಡರೆ ಅವರಿಗೆ ಆಗುವುದಿಲ್ಲ. ಐವತ್ತು ಕಿಲೋಮೀಟರ್ ಓಡಿಸಿ ಬಂದ ಮೇಲೆ ಇನ್ನೊಮ್ಮೆ ಬಿಗಿ ನೋಡುತ್ತಾರೆ.

ಇಷ್ಟೆಲ್ಲ ಶಿಸ್ತಿನ ಮನುಷ್ಯ ಒಂದು ಸಲ ಎಡವಿದ್ದಾರೆ. ಸ್ಟಡ್‌ನ ತಲೆಯ ಕೆಳಗೆ ಸುತ್ತಲೂ ಸಣ್ಣ ಹಲ್ಲುಗಳಿರುತ್ತವೆ. ಅವು ಹಬ್‌ನ ತೂತಿಗೆ ಕಚ್ಚಿಕೊಂಡರಷ್ಟೇ ಸ್ಟಡ್ ತಿರುಗದೆ ನಿಲ್ಲುತ್ತದೆ. ಈ ಮಳೆಗಾಲಕ್ಕೆ ಮೊದಲು ತಂದ ಪೆಟ್ಟಿಗೆಯಲ್ಲಿ ಉದ್ದ ಸರಿಯಿತ್ತು, ನಟ್ ಸರಿಯಾಗಿ ಏರುತ್ತಿತ್ತು, ಹಲ್ಲಿನ ಭಾಗ ಮಾತ್ರ ಕೂದಲೆಳೆಯಷ್ಟು ಸಣ್ಣ. "ಅಂಗಡಿಯವನ ತಪ್ಪಲ್ಲ. ಅವ ಬೇರೆ ಗಾಡಿಯದ್ದು ಕೊಟ್ಟ. ಉದ್ದ ನೋಡಿದೆ, ಹಲ್ಲು ಅಳೆಯಲಿಲ್ಲ. ಪ್ರೆಸ್ಸಿಗೆ ಅಷ್ಟು ಸಲೀಸಾಗಿ ಹೋದಾಗಲೇ ಅನುಮಾನ ಬರ್ಬೇಕಿತ್ತು. ಕೈ ಪಳಗಿದೆ ಅಂತ ಖುಷಿಪಟ್ಟೆ!"

ತಿಂಗಳ ಹಿಂದೆ ಕಲ್ಯಾಣದ ಕಾರೊಂದು ಕಟಕಟ ಸದ್ದು ಮಾಡುತ್ತ ಬಂತು. ನಟ್ ಬಿಚ್ಚಹೋದರೆ ಸ್ಟಡ್ಡೂ ಜೊತೆಗೇ ತಿರುಗಿತು. ಆ ಪೆಟ್ಟಿಗೆಯಿಂದ ಅವರು ಹನ್ನೊಂದು ಕಾರುಗಳಿಗೆ ಸ್ಟಡ್ ಹಾಕಿದ್ದರು. ಅಂದೇ ಫೋನ್ ಹಚ್ಚಿದರು. ಆದರೆ ತಪ್ಪು ಹೇಳಲಿಲ್ಲ. "ಫ್ರೀ ಚೆಕಪ್ ಉಂಟು, ಬನ್ನಿ" ಎಂದರು. ಫ್ರೀ ಎಂದರೆ ಬಾರದವರು ಯಾರು? ಡೊಂಬಿವಿಲಿಯಿಂದ, ವಾಶಿಯಿಂದ, ದಿವಾದಿಂದ ಒಬ್ಬೊಬ್ಬರಾಗಿ ಬಂದರು. ಅವರು ಚಹಾಕ್ಕೆ ಹೋದ ಹೊತ್ತಿನಲ್ಲಿ ಸ್ಟಡ್ ಬದಲಾದವು. ಸಮಿತನದು ಹತ್ತನೆಯ ಕಾರು. ಅವನೊಬ್ಬ ಚಹಾಕ್ಕೆ ಹೋಗಲಿಲ್ಲ.

ಬಿದ್ದ ಸ್ಟಡ್ಡನ್ನು ಸಮಿತ್ ಎತ್ತಿಕೊಳ್ಳುತ್ತಾನೆ. ಲೀಲಾಧರ ಅವನ ಮುಖ ನೋಡದೆ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ.

"ಇದರ ಮೇಲೆ ಅಮ್ಮನನ್ನು ಕೂರಿಸ್ಕೊಂಡು ನಾನು ಪುಣೆಗೆ ಹೋಗಿ ಬಂದಿದ್ದೇನೆ ಅಂಕಲ್! ಎಕ್ಸ್‌ಪ್ರೆಸ್‌ವೇಯಲ್ಲಿ! ಫೋನಿನಲ್ಲೇ ಹೇಳ್ಬಹುದಿತ್ತಲ್ಲ?"

"ಹೇಳ್ಬಹುದಿತ್ತು."

"ಮತ್ತೆ?"

"ಮೂವತ್ತು ವರ್ಷದ ಹೆಸರು ಮಗಾ. ಬಾಯಿ ಬರಲಿಲ್ಲ."

"ಫ್ರೀ ಚೆಕಪ್ ಅಂತೆ! ನಾನು ಆಫೀಸಿನಲ್ಲೆಲ್ಲ ನಿಮ್ಮ ತಾರೀಫ್ ಮಾಡಿದ್ದೇನೆ." ಸಮಿತ್ ಸ್ಟಡ್ಡನ್ನು ಬೆಂಚಿನ ಮೇಲೆ ಕುಕ್ಕುತ್ತಾನೆ. "ಇನ್ನೂ ಎಷ್ಟು ಗಾಡಿ ಇವೆ?"

"ಒಂದು. ವಿಷ್ಣುಮೂರ್ತಿ ಅಂತ, ಹೋಟೆಲಿನಲ್ಲಿ ಕ್ಯಾಶಿಯರ್ ಇದ್ದವರು. ರಿಟೈರ್ ಆಗಿ ಸಾವಂತವಾಡಿಗೆ ಮಗಳ ಮನೆಗೆ ಹೋಗಿದ್ದಾರೆ. ಹಳೇ ನಂಬರ್ ಬಂದ್. ಅಡ್ರೆಸ್ ಮಾತ್ರ ಸಿಕ್ಕಿದೆ."

"ಅವರಿಗೆ ಗೊತ್ತಾ?"

ಲೀಲಾಧರ ಮತ್ತೆ ಬ್ರಷ್ ಎತ್ತಿಕೊಳ್ಳುತ್ತಾರೆ.

ವಿಷ್ಣುಮೂರ್ತಿಯವರು ಕಣ್ಣಿನ ಔಷಧಿಗೆಂದು ಹೆಂಡತಿಯನ್ನು ಹದಿನೈದು ದಿನಕ್ಕೊಮ್ಮೆ ಆಂಬೋಲಿ ಘಾಟಿನ ತಿರುವುಗಳಲ್ಲಿ ಬೆಳಗಾವಿಗೆ ಕರೆದೊಯ್ಯುತ್ತಾರಂತೆ, ಅದೇ ಕಾರಿನಲ್ಲಿ. ಡೊಂಬಿವಿಲಿಯ ಅವರ ಹಳೆಯ ಬಿಲ್ಡಿಂಗಿನ ನೆರೆಯವರು ವಿಳಾಸದ ಜೊತೆಗೆ ಇದನ್ನೂ ಹೇಳಿದ್ದರು. ಅಷ್ಟು ದೂರದಿಂದ ಫ್ರೀ ಚೆಕಪ್ಪಿಗೆ ಯಾರೂ ಬರುವುದಿಲ್ಲ. ಅವರಿಗೆ ನಿಜವನ್ನೇ ಬರೆಯಬೇಕು. ಕಾಗದ ಬರೆದು ಇಪ್ಪತ್ತಾರು ದಿನ. ಅದು ಪಾನಾಗಳ ಡ್ರಾವರಿನಲ್ಲೇ ಇದೆ. ನೀವೇ ಹೋಗಬಹುದಿತ್ತಲ್ಲ ಎಂದರೆ, "ಹೋದರೆ ಎದುರು ನಿಂತು ಹೇಳ್ಬೇಕಲ್ಲ," ಎನ್ನುತ್ತಾರೆ. ಹೆಂಡತಿ ಜಲಜಾಕ್ಷಿಯವರೂ ಹೆದರಿಸಿದ್ದರು: "ಬರೆದು ಕೊಟ್ಟರೆ ನಾಳೆ ಅದನ್ನೇ ಹಿಡ್ಕೊಂಡು ಕೋರ್ಟಿಗೆ ಎಳೀತಾರೆ, ನೋಡಿ ಮತ್ತೆ."

ಸಮಿತನ ಕಾರಿನಲ್ಲಿ ಒಂದು ತೂತೇ ಸವೆದಿದೆ. ಹಬ್ ಬದಲಿಸಬೇಕು, ಸಂಜೆಯಾಗುತ್ತದೆ. ಅವನು ಬೇಲಾಪುರದ ಆಫೀಸಿಗೆ ರಿಕ್ಷಾ ಹಿಡಿಯುತ್ತಾನೆ. ಹೋಗುವ ಮೊದಲು ತಿರುಗಿ ಹೇಳುತ್ತಾನೆ: "ನನ್ನಮ್ಮ ಬದುಕಿದ್ದಾಳೆ, ಅದಕ್ಕೆ ಬೈದು ಹೋಗ್ತಿದ್ದೇನೆ. ಅವರಿಗೆ ಬೈಯುವ ಚಾನ್ಸ್ ಆದ್ರೂ ಕೊಡಿ."

ಲೀಲಾಧರ ಕೈ ತೊಳೆದು ಮನೆಗೆ ಫೋನ್ ಮಾಡುತ್ತಾರೆ. "ಜಲಜಾ, ಆ ಕಾಗದ ಹಾಕಿ ಬರ್ತೇನೆ." ಕುಕ್ಕರಿನ ಸೀಟಿಯ ನಡುವೆ ಜಲಜಾಕ್ಷಿಯವರ ದನಿ: "ಫೋನ್ ನಂಬ್ರ ಸರಿ ಬರೀರಿ. ನಿಮ್ಮ ಒಂದೂ ಏಳೂ ಒಂದೇ ಥರ ಇರ್ತದೆ."

ಕಾಗದದಲ್ಲಿ ಐದೇ ಸಾಲು. ಕಾರನ್ನು ಹೊರಗೆ ತೆಗೆಯಬೇಡಿ. ನಾನು ಹಾಕಿದ ಸ್ಟಡ್ ಸರಿಯಿಲ್ಲ. ತಪ್ಪು ನನ್ನದು. ತಲುಪಿದ ಕೂಡಲೇ ಫೋನ್ ಮಾಡಿ. ಸಾಮಾನು ತಕ್ಕೊಂಡು ನಾನೇ ಬಂದು ಹಾಕಿಕೊಡುತ್ತೇನೆ.

ಉಳಿದ ಒಂಬತ್ತು ಮಂದಿಗೆ ಹೇಳುವುದಿಲ್ಲವೇ ಎಂದು ಕೇಳುತ್ತೇನೆ. "ಅವರಿಗೂ ಹೇಳ್ತೇನೆ. ಪೇಪರಿನಲ್ಲಿ ಬಂದರೂ ಅಡ್ಡಿಯಿಲ್ಲ, ಹಾಕಿ. ನನ್ನ ಹೆಸರು ಸಮೇತ ಹಾಕಿ."

ಹತ್ತು ಗಂಟೆಗೆ ನೌಪಾಡಾದ ಅಂಚೆ ಕಚೇರಿ. ಸ್ಪೀಡ್ ಪೋಸ್ಟಿನ ಕಿಟಕಿಯಲ್ಲಿ ಕುಳಿತ ಹೆಂಗಸು ಲಕೋಟೆ ತಿರುಗಿಸಿ ನೋಡುತ್ತಾರೆ. ಕಳಿಸುವವರ ಜಾಗ ಖಾಲಿ. "ಕಾಕಾ, ತುಮ್ಚಂ ನಾವ್?" ಲೀಲಾಧರ ಅಲ್ಲೇ ದಾರಕ್ಕೆ ಕಟ್ಟಿದ್ದ ಪೆನ್ನು ಎಳೆದುಕೊಂಡು ಹೆಸರು, ಅಂಗಡಿ, ಮಾಜಿವಾಡಾ ಎಂದು ದಪ್ಪಕ್ಷರದಲ್ಲಿ ಬರೆಯುತ್ತಾರೆ. ನಂಬರನ್ನು ಒಂದೊಂದೇ ಅಂಕಿಯಾಗಿ ಓದಿ ನೋಡುತ್ತಾರೆ.

"ಬೈಯಲಿಕ್ಕಾದರೂ ಅವರೊಮ್ಮೆ ಫೋನ್ ಮಾಡ್ಲಿ. ಅಷ್ಟು ಸಾಕು," ಎನ್ನುತ್ತಾರೆ.

ಗಾಜಿನಾಚೆ ಮುದ್ರೆ ಬೀಳುತ್ತದೆ. ಲಕೋಟೆ ಚೀಲಕ್ಕೆ ಹೋಗುತ್ತದೆ.