ಆಣೆ ಬೇಡ ಎನ್ನುವ ಸಂಘಮಿತ್ರಾ

ತರೀಕೆರೆ ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ, ಮಹಡಿಯ ಮೇಲೆ ನನ್ನ ಹೊಲಿಗೆ ಅಂಗಡಿ. ನಾನು ಹೊಲಿಯುವುದು ಹೆಂಗಸರ ರವಿಕೆ, ಮಕ್ಕಳ ಯೂನಿಫಾರಂ. ಆದರೂ ಮೀಸೆ ತಿರುವಿದ ಗಂಡಸರು ಮೆಟ್ಟಿಲು ಹತ್ತಿ ಬಂದು ನನ್ನ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂರುತ್ತಾರೆ. ಕೆಳಗೆ ಪರಿಚಯದವರು ಯಾರಾದರೂ ಕೇಳಿದರೆ, 'ಮನೆಯವಳ ರವಿಕೆ ಹೊಲಿಯೋಕೆ ಕೊಟ್ಟಿದ್ದೆ' ಎನ್ನುತ್ತಾರೆ. ಅವರು ಬರುವುದು ಎದುರು ಕೋಣೆಯ ಸಂಘಮಿತ್ರಾಳ ಹತ್ತಿರ. ಕುಡಿತ ಬಿಡಲಾಗದವರು, ಮೊಬೈಲ್ ಜೂಜಿಗೆ ಬಿದ್ದವರು, ಸಿಟ್ಟು ಬಂದರೆ ಅನ್ನದ ತಟ್ಟೆ ಎಸೆಯುವವರು, ಓದಿನಲ್ಲಿ ಗಮನ ನಿಲ್ಲದ ಮಕ್ಕಳು, ಎಲ್ಲರಿಗೂ ಮಾತಿನಲ್ಲೇ ಚಿಕಿತ್ಸೆ ಕೊಡುವವಳು ಅವಳು. ಮೊದಲು 'ಆಪ್ತಸಮಾಲೋಚಕಿ' ಎಂದು ಬೋರ್ಡ್ ಹಾಕಿಸಿದ್ದಳು. ಅದು ಇರುವಷ್ಟು ದಿನ ಒಬ್ಬರೂ ಬರಲಿಲ್ಲ. ತೆಗೆಸಿದ ಮೇಲೆ, ನನ್ನ ಅಂಗಡಿಯ ಹೆಸರು ಹೇಳಿಕೊಂಡು ಜನ ಬಂದರು.

ಚಿಕಿತ್ಸೆ ಕೊಡುವವಳು ತಾನಾದರೂ ಒಂದು ಕಡೆ ಕೂರುತ್ತಾಳೆಯೇ? ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು. ಅಜ್ಜಂಪುರದಿಂದ ಬೆಳಿಗ್ಗೆ ಬರುವಾಗ ಕೊಡೆಯನ್ನು ಬಸ್ಸಿನಲ್ಲಿ ಬಿಟ್ಟಿರುತ್ತಾಳೆ, ಊಟದ ಡಬ್ಬಿಯನ್ನು ಹೋಟೆಲಿನಲ್ಲಿ. ಕೋಣೆಯ ಬೀಗದ ಕೈ ನನ್ನ ಮೆಷಿನ್ ಮೇಲೆ ಸಿಗುತ್ತದೆ. ನಾನು ತರಿಸಿಕೊಟ್ಟ ಕಾಫಿ ಆರಿ ಕೆನೆಗಟ್ಟಿದ ಮೇಲೆ 'ಅಯ್ಯೋ' ಎಂದು ಒಂದೇ ಗುಟುಕಿಗೆ ಕುಡಿಯುತ್ತಾಳೆ. ಶಾಲೆಯಲ್ಲಿ ಮೇಷ್ಟ್ರು ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿದರೆ ಅಲ್ಲೂ ಕುಣಿಯುತ್ತಿದ್ದಳಂತೆ. ಈ ಚಡಪಡಿಕೆಗೆ ಒಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದು ಕಾಲೇಜು ಮುಗಿಯುವ ಹೊತ್ತಿಗೆ. ನಾನು ಬೈದರೆ, "ನನ್ನ ಮೊದಲನೇ ಪೇಷೆಂಟ್ ನಾನೇ ಕಣೇ ಶ್ರೀಜಾ" ಎಂದು ನಗುತ್ತಾಳೆ. ಕೂರಲಾಗದವರನ್ನು ಅವಳು ಬಲವಂತದಿಂದ ಕೂರಿಸುವುದಿಲ್ಲ. ಬೀದಿ ಸುತ್ತಿಸುತ್ತಲೇ ಮಾತಾಡಿಸುತ್ತಾಳೆ.

ಅವಳ ಅಪ್ಪ ಬೀರಪ್ಪ ರೈಲ್ವೆ ಗೇಟ್ ಕಾಯುತ್ತಿದ್ದವರು. ಗೇಟ್ ಹಾಕಿದರೆ ಜನ ಹಾರ್ನ್ ಹೊಡೆಯುತ್ತಾರೆ, ಗೇಟಿನವನ ವಂಶವನ್ನೇ ಬೈಯುತ್ತಾರೆ. ರೈಲು ಹೋದ ಮೇಲೆ ಬೈದದ್ದೂ ಮರೆತು ಅವರವರ ದಾರಿ ಹಿಡಿಯುತ್ತಾರೆ. ಅದನ್ನು ನೋಡುತ್ತಾ ಬೆಳೆದವಳು ಈಗ ಎಲ್ಲರಿಗೂ ಅದನ್ನೇ ಹೇಳುತ್ತಾಳೆ. "ಕುಡೀಬೇಕು ಅನ್ನಿಸ್ಲಿ, ಹೊಡೀಬೇಕು ಅನ್ನಿಸ್ಲಿ, ಗೇಟ್ ಹಾಕಿದೆ ಅಂದ್ಕೊಳ್ಳಿ. ಆ ರೈಲು ನಿಲ್ಲಲ್ಲ, ಹೋಗೇ ಹೋಗುತ್ತೆ. ಅಲ್ಲೀವರ್ಗೂ ನನಗೆ ಫೋನ್ ಮಾಡಿ."

ಅವಳ ಇನ್ನೊಂದು ಹಟ ಆಣೆಯದು. ನಮ್ಮ ಕಡೆ ಕುಡುಕನನ್ನು ದಾರಿಗೆ ತರುವುದೆಂದರೆ ಆಣೆ ಹಾಕಿಸುವುದು. ದೇವರ ಮುಂದೆ, ತಾಯಿಯ ಪಾದ ಮುಟ್ಟಿಸಿ, ಇಲ್ಲವೇ ಮಕ್ಕಳ ತಲೆ ಮುಟ್ಟಿಸಿ. ಸಂಘಮಿತ್ರಾಳ ಮುಂದೆ ಯಾರಾದರೂ 'ಆಣೆಗೂ ಮೇಡಂ' ಎಂದರೆ ಅಲ್ಲೇ ತಡೆಯುತ್ತಾಳೆ. "ಆಣೆ ಬೇಡ. ಆಣೆ ಹಾಕಿದೋರು ತಪ್ಪಿದ ದಿನ ನನ್ನ ಹತ್ರ ಬರಲ್ಲ, ಮುಖ ಮುಚ್ಕೊಂಡು ಇನ್ನಷ್ಟು ಕುಡೀತಾರೆ. ನನಗೆ ಬೇಕಾಗಿರೋದು ನೀವು ಬಿದ್ದ ದಿನ." ಬಿದ್ದವನಿಗೆ ಆಳಿಗೊಂದು ಕಲ್ಲು ಎನ್ನುವ ಊರಿನಲ್ಲಿ ಇದೆಂಥ ಮಾತು ಎಂದು ನಾನು ಮೂಗು ಮುರಿದಿದ್ದೆ.

ಹೊನ್ನೇಶ ಹೀಗೆ ಬಂದವನು. ಅಮೃತಾಪುರದವನು, ಲಗೇಜ್ ಆಟೋ ಓಡಿಸುತ್ತಾನೆ. ಕುಡಿದರೆ ರಾಕ್ಷಸ, ಕುಡಿಯದಿದ್ದರೆ ಹಸು. ಹೆಂಡತಿ ತೀರಿಹೋಗಿ, ಮಗಳು ಭೂಮಿಕಾಳನ್ನು ಸಾಕುತ್ತಿದ್ದವರು ಅವನ ತಾಯಿ ಈಶ್ವರಮ್ಮ. ಅವರು ಮೇಡಂ ಮಾತಿಗೆ ಕಾಯಲಿಲ್ಲ. ಒಂದು ಸೋಮವಾರ ಮನೆದೇವರಿಗೆ ದೀಪ ಹಚ್ಚಿ, ಮಗನ ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟು, 'ಇನ್ನು ಕುಡಿದರೆ ಈ ಕೂಸು ನನ್ನ ಪಾಲಿಗಿಲ್ಲ' ಎಂದು ಹೇಳಿಸಿದರು. ಅಲ್ಲಿಂದ ಅವನು ಕುಡಿದದ್ದನ್ನು ಕಂಡವರಿಲ್ಲ. ನನ್ನ ಬೆಂಚಿನ ಮೇಲೆ ಕೂತು ಈಶ್ವರಮ್ಮ ಅದನ್ನು ಎಲ್ಲರಿಗೂ ಹೇಳುತ್ತಿದ್ದರು. ಹೊನ್ನೇಶ ಮಾತ್ರ ಸಂಘಮಿತ್ರಾಳ ಹತ್ತಿರ ಬರುವುದನ್ನು ನಿಲ್ಲಿಸಲಿಲ್ಲ. ವಾಸಿಯಾದವನಿಗೆ ಇನ್ನೇನು ಮಾತು ಎಂದು ನನಗೆ ಆಶ್ಚರ್ಯವಾಗುತ್ತಿತ್ತು.

ಈ ನಡುವೆ ಶಾಲೆಯವರು ಭೂಮಿಕಾಳನ್ನೂ ಕಳಿಸಿದರು. ಪಾಠದ ಮಧ್ಯೆ ಎದ್ದು ಕಿಟಕಿಗೆ ಓಡುತ್ತಾಳೆ, ಕೇಳಿದ್ದಕ್ಕೆ ಉತ್ತರವಿಲ್ಲ, ಗಮನವೇ ನಿಲ್ಲುವುದಿಲ್ಲ ಎಂದು ದೂರು. ಕಬಡ್ಡಿಯಲ್ಲಿ ಇಡೀ ಶಾಲೆಗೆ ಮುಂದಿದ್ದ ಹುಡುಗಿ, ಈಗ ರೈಡ್ ಹೋದವಳು ರಸ್ತೆಯ ಕಡೆ ತಿರುಗಿ ನೋಡುತ್ತಾ ಸಿಕ್ಕಿಬೀಳುತ್ತಾಳಂತೆ. ಕಡೂರಿನ ಪಂದ್ಯಕ್ಕೆ ಆಯ್ಕೆಯಾಗಿದ್ದರೂ ಹೋಗುವುದಿಲ್ಲ ಎನ್ನುತ್ತಿದ್ದಳಂತೆ. ಸಂಘಮಿತ್ರಾ ಅವಳ ಜೊತೆ ಕುಂಟೆಬಿಲ್ಲೆ ಆಡಿದಳು, ಬೀದಿ ಸುತ್ತಿದಳು. ಹುಡುಗಿ ಎಲ್ಲ ಮಾತಾಡಿದಳು, ಕಿಟಕಿಗೆ ಯಾಕೆ ಓಡುತ್ತಾಳೆ ಎಂಬುದೊಂದನ್ನು ಬಿಟ್ಟು.

ಟೀಮಿನ ಬಟ್ಟೆ ಹೊಲಿಯುವ ಕೆಲಸ ನನಗೇ ಬಂದಿತ್ತು. ಅಳತೆಗೆ ನಿಲ್ಲಿಸಿದರೆ ಭೂಮಿಕಾ ನಿಲ್ಲಲಿಲ್ಲ. ಕೆಳಗೆ ಆಟೋ ಸದ್ದಾದಾಗಲೆಲ್ಲ ಟೇಪನ್ನು ಎಳೆದುಕೊಂಡೇ ಕಿಟಕಿಗೆ ಓಡಿದಳು. ನನಗೆ ಪಿತ್ತ ನೆತ್ತಿಗೇರಿತು.

"ನೆಟ್ಟಗೆ ನಿಂತ್ಕೊಳೇ! ಏನೇ ಅದು, ಆಟೋನೇ ನೋಡಿಲ್ವಾ ನೀನು?"

"ನಮ್ಮಪ್ಪಂದಾ ಅಂತ ನೋಡ್ತೀನಿ ಆಂಟಿ," ಎಂದಳು. "ನೆಟ್ಟಗೆ ಓಡಿಸ್ತಾ ಇದ್ರೆ ಕುಡಿದಿಲ್ಲ ಅಂತ. ಸಂಜೆ ಬಂದ್ಮೇಲೆ ಬಾಯಿ ಊದು ಅಂತೀನಿ, ಊದ್ತದೆ. ಕುಡಿದ್ರೆ ನಾನು ಸತ್ತೋಗ್ತೀನಿ. ಆಣೆ ಹಾಕೈತಲ್ಲ. ನಾನು ಕಡೂರಿಗೆ ಹೋದ್ರೆ ಅಪ್ಪನ್ನ ನೋಡ್ಕೊಳೋರು ಯಾರು?"

ನನ್ನ ಕೈಯಿಂದ ಟೇಪು ಜಾರಿತು. ಒಂದು ಮಗು ತನ್ನ ಜೀವವನ್ನು ತಾನೇ ಕಾವಲು ಕಾಯುತ್ತಿತ್ತು, ನಾವೆಲ್ಲ ಅದಕ್ಕೆ ಗಮನವಿಲ್ಲ ಎನ್ನುತ್ತಿದ್ದೆವು.

ಭೂಮಿಕಾಳನ್ನು ಒಪ್ಪಿಸಿ, ಅವಳ ಬಾಯಿಂದಲೇ ಅದನ್ನು ಸಂಘಮಿತ್ರಾಳಿಗೆ ಹೇಳಿಸಿದೆ. ಆ ಹುಡುಗಿ ಹೋದ ಮೇಲೆ ಇವಳ ಸುತ್ತಾಟ ಶುರುವಾಯಿತು. ಕೋಣೆಯಿಂದ ಮೆಟ್ಟಿಲಿಗೆ, ಮೆಟ್ಟಿಲಿಂದ ನನ್ನ ಕಿಟಕಿಗೆ. ಮಧ್ಯಾಹ್ನದ ಡಬ್ಬಿ ತೆರೆಯಲಿಲ್ಲ.

"ಆಣೆ ಎಲ್ಲ ಸುಳ್ಳು, ನಿನಗೇನೂ ಆಗಲ್ಲ ಅಂತ ಹೇಳ್ಬಿಡೇ ಮಗೂಗೆ," ಎಂದೆ.

"ಹೇಳ್ದೆ. ನಿಮಗೇನು ಗೊತ್ತು ಅಂತ ಕೇಳಿದ್ಲು."

"ಮತ್ತೆ?"

"ಮತ್ತೇನೂ ಹೇಳೋ ಹಾಗಿಲ್ಲ ಕಣೇ. ನನ್ನ ಕೇಳ್ಬೇಡ."

ನನಗೆ ಸಿಟ್ಟು ಬಂತು. ಮಗು ಒಣಗುತ್ತಿದೆ, ಇವಳು ಬಾಯಲ್ಲಿ ಬಿಸಿತುಪ್ಪ ಇಟ್ಟುಕೊಂಡವರ ಹಾಗೆ ನುಂಗುವುದಿಲ್ಲ, ಉಗುಳುವುದಿಲ್ಲ. ಓದಿದವರ ಹಣೆಬರಹವೇ ಇಷ್ಟು ಎಂದು ಮುಖದ ಮೇಲೆಯೇ ಅಂದೆ. ಅವಳು ಕೆಳಗಿಳಿದು ಹೋದಳು. ಚಪ್ಪಲಿ ಇಲ್ಲೇ ಬಿಟ್ಟಿದ್ದಳು.

ಮಾರನೆಯ ದಿನ ಹೊನ್ನೇಶನನ್ನು ಕರೆಸಿದಳು. 'ನಿಮ್ಮಪ್ಪಂಗೆ ಹೇಳ್ಲಾ?' ಎಂದು ಭೂಮಿಕಾಳನ್ನು ಮೊದಲು ಕೇಳಿ ಒಪ್ಪಿಸಿಕೊಂಡಿದ್ದಳು. ಅಜ್ಜಿ, ಮೊಮ್ಮಗಳು ನನ್ನ ಬೆಂಚಿನ ಮೇಲೆ ಕಾದರು. ಎದುರು ಕೋಣೆಯ ಬಾಗಿಲು ಧಡಾರನೆ ತೆರೆಯಿತು. ಹೊನ್ನೇಶನ ಮುಖ ಸುಟ್ಟ ಬದನೆಕಾಯಿಯ ಹಾಗಾಗಿತ್ತು. ಯಾರನ್ನೂ ನೋಡದೆ ಮೆಟ್ಟಿಲಿಳಿದು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಬಾರ್ ಇರುವುದೂ ಅದೇ ಕಡೆ.

"ಅಪ್ಪಾ!" ಎಂದು ಭೂಮಿಕಾ ಎದ್ದಳು. ಈಶ್ವರಮ್ಮ ಅವಳ ರಟ್ಟೆ ಹಿಡಿದುಕೊಂಡರು.

"ಹೋಗಿ ಕರ್ಕೊಂಡು ಬಾರೇ," ಎಂದು ನಾನು ಅವನ ಹಿಂದೆಯೇ ಹೊರಬಂದ ಸಂಘಮಿತ್ರಾಳನ್ನು ನೂಕಿದೆ.

"ಗೇಟ್ ಹಾಕಿದೆ ಕಣೇ. ನಾನು ಎತ್ತೋಕಾಗಲ್ಲ," ಎಂದಳು. ನನ್ನ ಗುಂಡಿಯ ಡಬ್ಬಿ ತೆಗೆದು ಬಣ್ಣ ಬಣ್ಣದ ಗುಂಡಿಗಳನ್ನು ಬೇರೆ ಮಾಡಿದಳು, ಮತ್ತೆ ಕಲೆಸಿದಳು, ಮತ್ತೆ ಬೇರೆ ಮಾಡಿದಳು. ನಾನು ಹೊಲಿದ ತೋಳನ್ನೇ ಎರಡು ಸಲ ಹೊಲಿದೆ. ಭೂಮಿಕಾ ಕಿಟಕಿ ಬಿಟ್ಟು ಕದಲಲಿಲ್ಲ.

ಕೊನೆಗೆ ಮೆಟ್ಟಿಲ ಮೇಲೆ ಹೆಜ್ಜೆ ಸದ್ದಾಯಿತು. ಹೊನ್ನೇಶ ಬೆವೆತು ತೊಪ್ಪೆಯಾಗಿದ್ದ. ಭೂಮಿಕಾ ಓಡಿಹೋಗಿ, "ಊದು" ಎಂದಳು. ಅವನು ಮಂಡಿಯೂರಿ ಊದಿದ. ವಾಸನೆ ಇರಲಿಲ್ಲ. ಹುಡುಗಿ ಉಸಿರು ಬಿಟ್ಟಳು.

"ಇವತ್ತಿಲ್ಲ ಮಗಾ," ಎಂದ ಅವನು. "ಅವತ್ತು ಕುಡಿದಿದ್ದೆ. ಬೀರೂರಿಗೆ ಲೋಡ್ ತಗಂಡು ಹೋದೋನು ರಾತ್ರಿ ಮನೆಗೆ ಬರ್ಲಿಲ್ವಲ್ಲ, ಅವತ್ತು."

"ಗಾಡಿ ಕೆಟ್ಟೋಗಿತ್ತು ಅಂದಲ್ಲಪ್ಪಾ?"

"ಕೆಟ್ಟಿರ್ಲಿಲ್ಲ. ಕುಡಿದು ಗಾಡೀಲೇ ಬಿದ್ದಿದ್ದೆ. ಬೆಳಗ್ಗೆ ಮನೆಗೆ ಬರೋಕೆ ಕಾಲೇ ಬರ್ಲಿಲ್ಲ. ಹೆಂಗಿದ್ದೀಯೋ ಅಂತ ಹೆದ್ರಿಕೊಂಡು ಮೊದ್ಲು ಮೇಡಂ ಹತ್ರ ಬಂದೆ. ಅವ್ರೊಬ್ರಿಗೇ ಗೊತ್ತು."

ಈಶ್ವರಮ್ಮ ಕೈ ಎತ್ತಿಕೊಂಡು ಎದ್ದರು. "ಥೂ ನಿನ್ನ! ಕೂಸಿನ ತಲೆ ಮುಟ್ಟಿ..." ಎಂದವರು ಅಲ್ಲೇ ನಿಂತರು. ಕೂಸು ಅವರ ಕಣ್ಣೆದುರೇ ನಿಂತಿತ್ತು, ಗುಂಡುಕಲ್ಲಿನ ಹಾಗೆ. ಎತ್ತಿದ ಕೈ ಇಳಿಯಿತು. ಆ ಕೈ ಮೊಮ್ಮಗಳ ಕೆನ್ನೆ ಸವರಿ, ತಮ್ಮ ಹಣೆಯ ಪಕ್ಕಕ್ಕೆ ಬಂದು ಲಟಲಟನೆ ನೆಟಿಗೆ ಮುರಿಯಿತು. "ನಾನೇ ಇಡಿಸಿದ್ದು ಕಣವ್ವ ಆ ಕೈನ. ನನ್ನ ಬುದ್ಧಿಗಿಷ್ಟು," ಎಂದು ಅತ್ತರು.

ನಾನು ಸಂಘಮಿತ್ರಾಳನ್ನು ನೋಡಿದೆ. ಅಪ್ಪ ಕುಡಿದದ್ದನ್ನು ಹೇಳಿದ್ದರೆ ಮಗುವಿನ ಭಯ ಹೋಗುತ್ತಿತ್ತು, ಹೇಳಿದ್ದರೆ ಅಪ್ಪ ಇನ್ನೆಂದೂ ಆ ಬಾಗಿಲಿಗೆ ಬರುತ್ತಿರಲಿಲ್ಲ. ಹಿಂದಿನ ದಿನ ಅವಳು ಬರಿಗಾಲಿನಲ್ಲಿ ಹೋದದ್ದು ಯಾಕೆಂದು ಆಗ ತಿಳಿಯಿತು. ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಂಡೆ.

ಭೂಮಿಕಾ ಮಾತ್ರ ಇನ್ನೂ ಯೋಚಿಸುತ್ತಲೇ ಇದ್ದಳು. "ಅವತ್ತೇ ಅಲ್ವಾ ನನ್ನ ಟೀಮಿಗೆ ತಗೊಂಡಿದ್ದು?"

"ಹೂಂ, ಅವತ್ತೇ."

"ನೀನು ಕುಡಿದಾಗ್ಲೂ ನಾನು ಚೆನ್ನಾಗೇ ಆಡ್ದೆ," ಎಂದಳು. ಆಮೇಲೆ ಸಿಟ್ಟು ಬಂದು ಅಪ್ಪನ ಎದೆಗೆ ಗುದ್ದಿದಳು, ಗುದ್ದಿ ಗುದ್ದಿ ಅತ್ತಳು. ಅವನು ತಡೆಯಲಿಲ್ಲ. ಸಂಘಮಿತ್ರಾ ಯಾರಿಗೂ ಸುಮ್ಮನಿರಿ ಎನ್ನಲಿಲ್ಲ. ಅಷ್ಟೂ ಹೊತ್ತು ಅಲುಗದೆ ಒಂದೇ ಕಡೆ ನಿಂತಿದ್ದಳು. ಹಾಗೆ ನಿಂತದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಅಳು ಮುಗಿದ ಮೇಲೆ ಭೂಮಿಕಾ ಲಂಗದ ಅಂಚಿನಲ್ಲಿ ಮೂಗು ಒರೆಸಿಕೊಂಡು ಅಪ್ಪನ ಮುಖ ನೋಡಿದಳು.

"ಹಂಗಾದ್ರೆ ನಾನು ಕಡೂರಿಗೆ ಹೋಗ್ಲಾ ಅಪ್ಪಾ?"

ಹೊನ್ನೇಶ ಹೋಗು ಎನ್ನುವ ಹಾಗೆ ತಲೆಯಾಡಿಸಿದ. ನಾನು ಅಳತೆಗೆ ಟೇಪು ಎತ್ತಿಕೊಂಡು ಅವಳ ಹತ್ತಿರ ಹೋದೆ. ಕೆಳಗೆ ಯಾವುದೋ ಆಟೋ ಸದ್ದು ಮಾಡುತ್ತಾ ಹೋಯಿತು. ಹುಡುಗಿ ಕೈ ಅಗಲ ಮಾಡಿ ನಿಂತೇ ಇದ್ದಳು.