ದಿನಾಂಕ ಇಲ್ಲದ ಕುರಿಗಳು

ಉಮರ್ಗಾದ ಕುರಿ ಸಾಕಣೆದಾರರ ಸಂಘದಲ್ಲಿ ಡೇಟಾಬೇಸ್ ನೋಡಿಕೊಳ್ಳುವವಳು ನಾನೊಬ್ಬಳೇ. ಆಳಂದದ ಕಡೆಯಿಂದ ಮದುವೆಯಾಗಿ ಇಲ್ಲಿಗೆ ಬಂದವಳು. ಉಮರ್ಗಾ, ನಿಲಂಗಾ, ಉದಗೀರ ಮೂರೂ ತಾಲೂಕಿನ ನಮ್ಮ ಸದಸ್ಯರ ಕುರಿಗಳ ಕಿವಿಗೆ ನಂಬರಿನ ಬಿಲ್ಲೆ ಇದೆ. ಒಂದೊಂದು ನಂಬರಿಗೂ ನನ್ನ ಕಂಪ್ಯೂಟರಿನಲ್ಲಿ ಒಂದೊಂದು ಸಾಲು.

ಜಂತಿನ ಔಷಧ ಹಾಕುವ ಮೊದಲು ನಮ್ಮ ಪಶುವೈದ್ಯರು ಒಂದು ಪಟ್ಟಿ ಕೇಳಿದರು. ಗಬ್ಬವಾದ ಕುರಿಗೆ ಆ ಔಷಧ ಕೊಡುವಂತಿಲ್ಲ. ನಾನು ಡೇಟಾಬೇಸಿನೊಳಗೆ ಒಂದು ಫಂಕ್ಷನ್, ಎಂದರೆ ಲೆಕ್ಕದ ಪುಟ್ಟ ಪ್ರೋಗ್ರಾಂ, ಬರೆದೆ. ಕುರಿ ಟಗರಿನ ಜೊತೆ ಕೂಡಿದ ದಿನಾಂಕ ಕೊಟ್ಟರೆ ಅದು ಲೆಕ್ಕ ಹಾಕಬೇಕು. ಕುರಿ ಈಯಲು ಬೇಕಾಗುವ ಐದು ತಿಂಗಳ ಒಳಗಿದ್ದರೆ ‘ಗಬ್ಬ’ ಎನ್ನಬೇಕು, ಉಳಿದದ್ದಕ್ಕೆಲ್ಲ ‘ಗಬ್ಬ ಇಲ್ಲ’. ಹತ್ತು ಸಾಲಿನ ಕೆಲಸ. ಬೇರೆ ಬೇರೆ ದಿನಾಂಕ ಕೊಟ್ಟು ನೋಡಿದೆ, ಪ್ರತಿ ಸಲವೂ ಸರಿ ಬಂತು.

ವೈದ್ಯರು ಪಟ್ಟಿ ಹಿಡಿದು ಹೋದ ಮೂರನೆಯ ದಿನ ಕಾಸಾರಶಿರಸಿಯ ಹಟ್ಟಿಯಿಂದ ಅವರ ಫೋನು ಬಂತು.

“ಇಲ್ಲೊಬ್ಬಾಕಿ ಅಜ್ಜಿ ಔಷಧ ಹಾಕಬ್ಯಾಡ್ರಿ ಅಂತ ಅಡ್ಡ ನಿಂತಾಳ. ಎಂಟು ಕುರಿ ಗಬ್ಬ ಅವ ಅಂತಾಳ. ನಿಮ್ಮ ಪಟ್ಟಿದಾಗ ಗಬ್ಬ ಇಲ್ಲ ಅಂತ ಅದ.”

“ಪಟ್ಟಿ ಬರೋಬರ್ ಅದರೀ ಸಾಹೇಬ್ರ. ನಾ ಎಲ್ಲಾ ಚೆಕ್ ಮಾಡೀನಿ.”

ಹಾಗೆ ಹೇಳಿಬಿಟ್ಟೆನಾದರೂ ಮನಸ್ಸು ತಡೆಯಲಿಲ್ಲ. ಮತ್ತೆ ಫಂಕ್ಷನ್ ತೆರೆದೆ. ತಿಂಗಳೂ ದಿನವೂ ಅದಲುಬದಲಾಗಿರಬಹುದು ಎಂದು ಅದನ್ನು ತಿದ್ದಿದೆ. ಸರಿಯಾಗಿದ್ದ ಉತ್ತರಗಳೂ ಕೆಟ್ಟವು. ಮೊದಲಿದ್ದಂತೆ ಮಾಡಿದೆ. ಐದು ತಿಂಗಳನ್ನು ಐದೂವರೆ ಮಾಡಿದೆ. ಆ ಎಂಟು ಕುರಿಗಳು ಮಾತ್ರ ‘ಗಬ್ಬ ಇಲ್ಲ’ ಎಂಬಲ್ಲಿಂದ ಅಲ್ಲಾಡಲಿಲ್ಲ. ಅಷ್ಟರಲ್ಲಿ ಜಳಕೋಟದಿಂದಲೂ ಅದೇ ದೂರು. ಸಂಘದ ಕಾರ್ಯದರ್ಶಿಗಳು ಬಾಗಿಲಲ್ಲಿ ನಿಂತು, “ಇನ್ನೂ ಎಷ್ಟು ಹೊತ್ತರೀ ಬಾಯಿ?” ಎಂದು, ಇಲ್ಲಿ ಹೆಂಗಸರನ್ನು ಕರೆಯುವಂತೆ ಕರೆದು, ಗಂಟೆಗೊಮ್ಮೆ ಕೇಳುತ್ತಿದ್ದರು. ಉತ್ತರ ಕೊಟ್ಟು ಕೊಟ್ಟು ನನ್ನ ತಲೆ ಚಿಟ್ಟು ಹಿಡಿಯಿತು. ಮರುದಿನ ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಕಾಸಾರಶಿರಸಿ ಬಸ್ಸು ಹತ್ತಿದೆ.

ಅಜ್ಜಿ ಕಣದ ಬದಿಯಲ್ಲಿ ಕೂತು ಹಗ್ಗ ಹೊಸೆಯುತ್ತಿದ್ದಳು. ನಾನು ಯಾರೆಂದು ಹೇಳಿದೆ.

“ಕುರಿ ನೋಡ್ದೇನೇ ಗಬ್ಬ ಇಲ್ಲ ಅಂದಾಕಿ ನೀನೇನವ್ವಾ?”

“ಟಗರು ಯಾವ ತಾರೀಖಿಗೆ ಕೂಡ್ಯದ ಆಯಿ? ನಮ್ಮ ಸಂಘದ ಹುಡುಗಿ ಕುರಿ ಮಾಹಿತಿ ಬರ್ಕೊಳ್ಳಾಕ ಬಂದಾಗ ನೀವು ಹೇಳಿಲ್ಲೇನು?”

“ಹೇಳೀನಲ್ಲ. ಹೋದ ಅಮಾಸಿ ಆಗಿ ನಾಕು ದಿನಕ್ಕ ಅಂತ. ಆಕಿ ತಾರೀಖು ಕೇಳಿದ್ಳು. ತಾರೀಖು ನನಗೇನ್ ಗೊತ್ತು?”

ಲ್ಯಾಪ್‌ಟಾಪ್ ತೆರೆದು ಆ ಎಂಟು ಸಾಲು ನೋಡಿದೆ. ದಿನಾಂಕದ ಜಾಗ ಖಾಲಿ. ಎಂಟಕ್ಕೆ ಎಂಟೂ ಖಾಲಿ. ಐದು ತಿಂಗಳ ಒಳಗಿದೆಯೇ ಎಂದು ಖಾಲಿ ಜಾಗವನ್ನು ಕೇಳಿದರೆ ಡೇಟಾಬೇಸ್ ಹೌದು ಎನ್ನುವುದಿಲ್ಲ, ಇಲ್ಲ ಎಂದೂ ಅನ್ನುವುದಿಲ್ಲ. ಹೌದು ಎನ್ನದ್ದನ್ನೆಲ್ಲ ‘ಗಬ್ಬ ಇಲ್ಲ’ ಎಂಬ ಕಡೆಗೆ ನೂಕಿದವಳು ನಾನೇ. ಪರೀಕ್ಷೆಗೆ ನಾನು ಕೊಟ್ಟಿದ್ದ ಕುರಿಗಳಿಗೆಲ್ಲ ದಿನಾಂಕವಿತ್ತು. ಖಾಲಿ ಇದ್ದದ್ದನ್ನು ಒಂದು ಸಲವೂ ಕೊಟ್ಟಿರಲಿಲ್ಲ. ಹಿಂದಿನ ದಿನವೆಲ್ಲ ತಪ್ಪು ಇಲ್ಲದ ಕಡೆ ಅದನ್ನು ಹುಡುಕುತ್ತ, ಸರಿ ಇದ್ದದ್ದನ್ನು ಕೆಡಿಸುತ್ತ ಕೂತಿದ್ದೆ. ಅವಮಾನಕ್ಕಿಂತ ಸಿಟ್ಟೇ ಹೆಚ್ಚಾಯಿತು, ನನ್ನ ಮೇಲೆಯೇ.

ಅಲ್ಲೇ ಕೂತು ತಿದ್ದಿದೆ. ದಿನಾಂಕ ಇಲ್ಲದಿದ್ದರೆ ‘ಗೊತ್ತಿಲ್ಲ, ಸಾಕಿದವರನ್ನು ಕೇಳಿ’ ಎಂದು ಬರುವಂತೆ ಮಾಡಿ ಹೊಸ ಪಟ್ಟಿ ಕಳಿಸಿದೆ.

ಆದರೆ ಜಳಕೋಟದಲ್ಲಿ ಆಗಲೇ ಎರಡು ಗಬ್ಬದ ಕುರಿಗಳಿಗೆ ಔಷಧ ಬಿದ್ದಿತ್ತು. ವಾರದಲ್ಲಿ ಅದರಲ್ಲೊಂದು ಕಂದು ಹಾಕಿತು, ಗಬ್ಬ ಇಳಿದುಹೋಯಿತು. ಔಷಧದಿಂದಲೇ ಎಂದು ಹೇಳಲಾಗದು ಎಂದರು ವೈದ್ಯರು. ನಾನು ಹೋಗಿ ತಪ್ಪು ನನ್ನದು ಎಂದು ಆ ಮನೆಯವರಿಗೆ ಹೇಳಿದೆ. ಅವರು ಬೈಯಲಿಲ್ಲ, ಕೂತುಕೊ ಎಂದೂ ಅನ್ನಲಿಲ್ಲ.

ತಿಂಗಳ ವರದಿ ನೋಡಿದ ಕಾರ್ಯದರ್ಶಿಗಳು ಕರೆಸಿದರು. “ಇಷ್ಟೊಂದು ‘ಗೊತ್ತಿಲ್ಲ’ ಯಾಕ ಬಾಯಿ? ನೋಡಾಕ ಚಲೋ ಕಾಣಲ್ಲ. ತೆಗೀರಿ ಅದನ್ನ.”

“ತೆಗೆಯಾಂಗಿಲ್ಲರೀ,” ಎಂದು ಹೇಳಿ ನನ್ನ ಕುರ್ಚಿಗೆ ಬಂದು ಕೂತೆ.