ಸರ್ಕಾರ ಕಳಿಸಿದ ಮುಯ್ಯಾಳು

ಸರ್ಕಾರದ ದುಡ್ಡಲ್ಲಿ ಆಡಿ ಗೆದ್ದರೆ ಗೆದ್ದದ್ದು ಯಾರು, ನಾವೋ ಸರ್ಕಾರವೋ? ಬಾಳಗಡಿಯ ಹೋಟೆಲಿನಲ್ಲಿ ಚಾ ಕುಡಿಯುತ್ತಾ ನಾನು ಹೀಗೆ ಕೇಳಿದರೆ ಆಗೆಲ್ಲ ಎದುರಾಡುವವರು ಕಡಿಮೆಯಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದು, ಯಾರ ಹಂಗೂ ಇಲ್ಲದೆ ಮೇಸ್ತ್ರಿ ಆದವನು ನಾನು. ಕಬಡ್ಡಿಯಲ್ಲಿ ನನ್ನ ಹಿಡಿತ ಬಿಡಿಸಿಕೊಂಡವರಿರಲಿಲ್ಲ. ಕಾಲೇಜಿನ ಹುಡುಗಿಯರಿಗೆ ಆಟ ಕಲಿಸಲು ಪ್ರಿನ್ಸಿಪಾಲರು ಕರೆದಾಗ ಸಂಬಳ ಬೇಡವೆಂದೇ ಹೋದೆ.

ಆ ವರ್ಷ ಇಲಾಖೆಯಿಂದ ಅರ್ಜಿಯೊಂದು ಬಂತು. ಕಲಿಸುವವನು ಸಹಿ ಹಾಕಿದರೆ ಕಾಲೇಜಿಗೆ ಕಬಡ್ಡಿ ಮ್ಯಾಟ್ ಪುಕ್ಕಟೆ. ಅದನ್ನು ಹಾಸುವ ಗಾರೆ ನೆಲ ಮಾತ್ರ ಕಾಲೇಜೇ ಮಾಡಿಸಿಕೊಳ್ಳಬೇಕು. ಮಣ್ಣಲ್ಲಿ ಬಿದ್ದು ಕಲಿಯುವವರಿಗೆ ಹಾಸಿಗೆ ಯಾಕೆ ಎಂದು ನಾನು ಸಹಿ ಹಾಕಲಿಲ್ಲ.

ನರಸಿಂಹರಾಜಪುರದಲ್ಲಿ ನಡೆದ ಜಿಲ್ಲಾ ಫೈನಲ್‌ಗೆ ಹೋದರೆ ಅಲ್ಲಿ ಹಾಸಿದ್ದು ಅಂಥದ್ದೇ ಮ್ಯಾಟ್. ಗೆದ್ದವರಿಗೆ ರಾಜ್ಯಮಟ್ಟ. ನಮ್ಮವರು ತಿರುಗಿದಲ್ಲೆಲ್ಲ ಜಾರಿದರು. ಅರ್ಧ ಆಟಕ್ಕೆ ಒಂಬತ್ತು ಅಂಕ ಹಿಂದೆ. ಅಂಗಾಲಿಗೆ ಮಣ್ಣು ತಿಕ್ಕಿಕೊಳ್ಳಿ ಎಂದೆ, ನಮ್ಮ ಕಾಲದ ಉಪಾಯ. ತಿಕ್ಕಿಕೊಂಡು ಬಂದರು. ಮ್ಯಾಟ್ ತುಂಬ ಕೆಂಪು ಪಾದ, ಮೊದಲಿಗಿಂತ ಹೆಚ್ಚು ಜಾರಿಕೆ. ರೆಫರಿ ಆಟ ನಿಲ್ಲಿಸಿದರು. ಹೆಗಲ ಟವೆಲಿನಿಂದ ನಾನೇ ಮಂಡಿಯೂರಿ ಒರೆಸಬೇಕಾಯಿತು.

"ಹಂಗೇ ಒಂದು ಕೈ ಪಾಲಿಶ್ ಹೊಡೀರಿ ಮೇಸ್ತ್ರಿ" ಅಂದ ಯಾರೋ. ಮೈದಾನವೆಲ್ಲ ನಕ್ಕಿತು.

ಆದರೆ ಒರೆಸುವಾಗ ನನ್ನ ಕೈಗೆ ಆ ನೆಲದ ಗುಟ್ಟು ಸಿಕ್ಕಿತು. ಹಿಮ್ಮಡಿ ಊರಿದರೆ ಜಾರುತ್ತದೆ, ಮುಂಗಾಲು ಒತ್ತಿದರೆ ಹಿಡಿಯುತ್ತದೆ. ಎದ್ದವನೇ ಸೀತೂರಿನ ನಮ್ಮ ಕ್ಯಾಪ್ಟನ್‌ಗೆ ಮುಂಗಾಲಲ್ಲೇ ಗಿಡ್ಡ ಹೆಜ್ಜೆ ಇಡು ಎಂದೆ. ಆಮೇಲಿನದು ಆಟವಲ್ಲ, ಬೆಂಕಿ! ಒಂದೇ ರೈಡಿಗೆ ಮೂವರನ್ನು ಮುಟ್ಟಿ ಗೆರೆಗೆ ಹಾರಿದಳು. ಒಂಬತ್ತು ಆರಾಯಿತು, ಮೂರಾಯಿತು, ಒಂದಾಯಿತು. ಕೂಗಿ ಕೂಗಿ ನನ್ನ ಗಂಟಲು ಬಿದ್ದೇ ಹೋಯಿತು. ಅಷ್ಟರಲ್ಲಿ ಸೀಟಿ ಊದಿದರು. ಒಂದೇ ಒಂದು ಅಂಕಕ್ಕೆ ಸೋತೆವು.

ಆಟ ನೋಡಲು ಕ್ಯಾಪ್ಟನ್ ಹುಡುಗಿಯ ತಾಯಿ ಬಂದಿದ್ದರು. ಸರ್ಕಾರದ ಹಂಗು ಬೇಡವೆಂದು ನಾನೇ ಮ್ಯಾಟ್ ತಪ್ಪಿಸಿದೆ, ಮಗಳು ಸೋತದ್ದು ಅದಕ್ಕೇ ಎಂದು ಅವರೆದುರು ಒಪ್ಪಿಕೊಂಡೆ.

"ಹಂಗು ಎಂತದು ಮಾರಾಯ್ರೆ? ನಮ್ಮ ಗದ್ದೆ ನಟ್ಟಿಗೆ ಪಕ್ಕದ ಮನೆಯವರು ಬಂದ್ರೆ ಅದು ದಾನನಾ? ಮುಯ್ಯಾಳು. ನಾಳೆ ಅವರ ನಟ್ಟಿಗೆ ನಾವು ಹೋಗಿ ತೀರಿಸ್ತೀವಿ. ತಗಳದು ತಪ್ಪಲ್ಲ, ತೀರಿಸದೆ ಕೂರದು ತಪ್ಪು."

ಸೋಮವಾರವೇ ಇಲಾಖೆಯ ಅರ್ಜಿಗೆ ಸಹಿ ಹಾಕಿದೆ. ಮೂರು ಭಾನುವಾರ ಕೂತು ಮ್ಯಾಟ್ ಹಾಸುವ ನೆಲ ನಾನೇ ಮಾಡಿದೆ, ಕೂಲಿಯಿಲ್ಲದೆ. ನೀರು ಚೆಲ್ಲಿದರೆ ಯಾವ ಕಡೆಗೂ ಹರಿಯಬಾರದು, ಅಂಥ ಮಟ್ಟ. ಅದು ನನ್ನ ಮುಯ್ಯಿ.

ಹೋಟೆಲಿನಲ್ಲಿ ಈಗ ನನ್ನನ್ನೇ ಕೆಣಕುತ್ತಾರೆ: ಹಾಗಾದರೆ ಪೇಟೆಯ ಸಾಹುಕಾರರ ಟೀಮಿಗೂ ಸರ್ಕಾರ ಕೊಡಬೇಕಲ್ಲ? ಅವರು ಯಾರ ನಟ್ಟಿಗೆ ಬರುತ್ತಾರೆ ಹೇಳಿ, ಆಮೇಲೆ ಕೊಡೋಣ ಎನ್ನುತ್ತೇನೆ.

ಕ್ಯಾಪ್ಟನ್‌ಗೆ ಕಾಲೇಜಿನಲ್ಲಿ ಇನ್ನೊಂದು ವರ್ಷ ಉಳಿದಿತ್ತು. ಮರುವರ್ಷ ಅದೇ ನರಸಿಂಹರಾಜಪುರದಲ್ಲಿ ಹನ್ನೊಂದು ಅಂಕದಿಂದ ಗೆದ್ದೆವು. ರಾಜ್ಯಮಟ್ಟಕ್ಕೆ ಹೊರಟ ಬೆಳಿಗ್ಗೆ ಅವಳು ಬಸ್ಸಿನ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೇಳಿದಳು:

"ಮೇಸ್ತ್ರಿ, ಟವೆಲ್ ತಗಂಡ್ರಾ?"